ಮರಿ ಹುಟ್ಟುವ ಮೊದಲೇ ಮಾತಾಡೋಣ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯಲ್ಲಿ ಮದುವೆ ಮೆರವಣಿಗೆಗೆ, ಜಾತ್ರೆಗೆ, ಬರೀ ಖುಷಿಗೆ ಕುದುರೆ ಕಟ್ಟಿಕೊಂಡಿರುವ ಅಣ್ಣತಮ್ಮಂದಿರಿಗೆ, ಸಾಹೇಬರಿಗೆ, ಹೊಸದಾಗಿ ಕುದುರೆ ಕೊಳ್ಳಲು ದುಡ್ಡು ಕೂಡಿಸುತ್ತಿರುವ ಹುಡುಗರಿಗೆ ಹಿರೇಗುಂಟನೂರಿನಿಂದ ನಮಸ್ಕಾರ.

ಮದುವೆ ಸೀಸನ್ ಮುಗಿಯುತ್ತ ಬಂತು. ಆಷಾಢ ಬಂದರೆ ಬ್ಯಾಂಡ್‌ಸೆಟ್‌ನವರು ವಾದ್ಯಗಳನ್ನು ಅಟ್ಟಕ್ಕೆ ಹಾಕಿ ಬೇರೆ ಕೂಲಿ ನೋಡಿಕೊಳ್ಳುತ್ತಾರೆ. ಹೂವಿನ ಅಲಂಕಾರದ ಕಾರಿನವನು ಕಾರಿಗೆ ಟಾರ್ಪಾಲು ಹೊದಿಸಿ ಮಲಗುತ್ತಾನೆ. ಕುದುರೆಗೆ ಟಾರ್ಪಾಲು ಹೊದಿಸಿ ಇಡಲು ಬರುವುದಿಲ್ಲ. ಬಾಡಿಗೆ ಬರಲಿ ಬಿಡಲಿ, ಅದು ಬೆಳಗ್ಗೆ ಎದ್ದು ಮೇವು ಕೇಳುತ್ತದೆ. ಆಮೇಲೆ ಏನಾಗುತ್ತದೆ ಅನ್ನುವುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಹಗಲು ಕೆರೆ ಅಂಗಳದಲ್ಲಿ ಮೇಯಲಿ, ಸಂಜೆ ತಂದು ಕಟ್ಟೋಣ ಎಂದು ಶುರುವಾಗುತ್ತದೆ. ಒಂದಷ್ಟು ದಿನಕ್ಕೆ ಸಂಜೆ ತರುವುದು ತಪ್ಪುತ್ತದೆ. ಕೊನೆಗೆ ಅದು ಯಾರ ಕುದುರೆ ಎಂದು ಕೇಳಿದರೆ ಯಾರದೂ ಅಲ್ಲ ಎಂಬ ಉತ್ತರ ಬರುತ್ತದೆ. ನಮ್ಮ ಜಿಲ್ಲೆಯನ್ನು ಸೀಳಿಕೊಂಡು ಹೋಗುವ ಬೆಂಗಳೂರು–ಪುಣೆ ಹೆದ್ದಾರಿಯಲ್ಲಿ ಇರುಳು ಲಾರಿ ಓಡಿಸುವವರನ್ನು ಕೇಳಿ ನೋಡಿ. ದನವಾದರೂ ಬೆಳಕು ಕಂಡರೆ ನಿಂತಲ್ಲೇ ನಿಲ್ಲುತ್ತದೆ, ಕುದುರೆ ಬೆದರಿ ಎತ್ತ ನುಗ್ಗುತ್ತದೆ ಎಂದು ಹೇಳಲಾಗದು.

ಹೀಗೆ ಬಿಟ್ಟ ಕುದುರೆಗಳ ಬಗ್ಗೆ ಪತ್ರಿಕೆಯಲ್ಲಿ ಆಗಾಗ ‘ಬೀಡಾಡಿ ಕುದುರೆಗಳ ಹಾವಳಿ’ ಎಂದು ಸುದ್ದಿ ಬರುತ್ತದೆ. ಎಲ್ಲರೂ ಪುರಸಭೆಯನ್ನು ಬೈಯುತ್ತಾರೆ. ನನ್ನ ತಕರಾರು ಅದಕ್ಕಿಂತ ಹಿಂದಿನದು. ಬಿಟ್ಟ ಕುದುರೆಯ ಚರ್ಚೆಯನ್ನು ಅದು ಬೀದಿಗೆ ಬಿದ್ದ ದಿನ ಶುರು ಮಾಡಿದರೆ ಪ್ರಯೋಜನವಿಲ್ಲ. ಹೆಣ್ಣು ಕುದುರೆಗೆ ಗಂಡು ಬಿಡಿಸಿದ ದಿನವೇ ಶುರು ಮಾಡಬೇಕು. ಯಾರಿಗೂ ಬೇಡದ ಕುದುರೆ ಆಕಾಶದಿಂದ ಉದುರುವುದಿಲ್ಲ, ಅದನ್ನು ನಾವೇ ಹುಟ್ಟಿಸಿರುತ್ತೇವೆ. ಬಹಳ ಸಲ ಯೋಚನೆ ಮಾಡಿ ಹುಟ್ಟಿಸಿದ್ದೂ ಅಲ್ಲ, ಸುಮ್ಮನೆ ಹುಟ್ಟಲು ಬಿಟ್ಟದ್ದು.

ಲೆಕ್ಕ ನೋಡಿ. ಹೆಣ್ಣು ಕುದುರೆ ಬೆದೆಯ ಕಾಲದಲ್ಲಿ ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, ಬೆದೆ ಐದಾರು ದಿನ ಇರುತ್ತದೆ. ಮರಿ ಹಾಕಿ ಏಳರಿಂದ ಹತ್ತು ದಿನದೊಳಗೆ ಮತ್ತೆ ಬೆದೆಗೆ ಬಂದುಬಿಡುತ್ತದೆ. ಹಸು ಸಾಕಿದವರಿಗೆ ಇದು ಆಶ್ಚರ್ಯ. ಎಮ್ಮೆ, ಹಸು ಕರು ಹಾಕಿ ಇಷ್ಟು ಬೇಗ ತಿರುಗುವುದಿಲ್ಲ. ಗಂಡು ಮರಿ ಒಂದೂವರೆ ವರ್ಷಕ್ಕೆ, ಕೆಲವು ಅದಕ್ಕೂ ಮೊದಲೇ, ಹೆಣ್ಣಿಗೆ ಗಬ್ಬ ಕಟ್ಟಿಸುವಷ್ಟು ಬಲಿತಿರುತ್ತವೆ. ಅಂದಮೇಲೆ ಎರಡು ಹೆಣ್ಣು, ಒಂದು ಗಂಡು, ಜೊತೆಗೆ ಹೋದ ವರ್ಷದ ಮರಿಗಳನ್ನು ಒಟ್ಟಿಗೆ ಕೆರೆ ಅಂಗಳಕ್ಕೆ ಬಿಟ್ಟರೆ ಆಗುವುದೇನು? ತಾಯಿಗೆ ಮಗ, ತಂಗಿಗೆ ಅಣ್ಣ. ಹನ್ನೊಂದು ತಿಂಗಳಿಗೆ ಕಾಲು ಸೊಟ್ಟಗಿರುವ ಮರಿಯೊಂದು ಬೇಲಿ ಸಾಲಿನಲ್ಲಿ ಎದ್ದು ನಿಲ್ಲಲು ಒದ್ದಾಡುತ್ತಿರುತ್ತದೆ. ಅದನ್ನು ಯಾರೂ ಕೊಳ್ಳುವುದಿಲ್ಲ. ಕೊಂಡರೂ ಮದುವೆಗೆ ಒಯ್ಯಲು ಬರುವುದಿಲ್ಲ.

ಒಮ್ಮೆ ಹುಟ್ಟಿತು ಅಂದಮೇಲೆ 25 ವರ್ಷ ಬದುಕುತ್ತದೆ, ಚೆನ್ನಾಗಿ ನೋಡಿಕೊಂಡರೆ 30. ನಮ್ಮ ಕಡೆಯ ಸಾಧಾರಣ ಗಾತ್ರದ ಕುದುರೆಯೂ ದಿನಕ್ಕೆ ಏಳೆಂಟು ಕಿಲೋ ಒಣಮೇವು ತಿನ್ನುತ್ತದೆ. ಎಂಟು ಕಿಲೋ ಅಂತ ಹಿಡಿದರೆ ವರ್ಷಕ್ಕೆ ಹತ್ತಿರ ಹತ್ತಿರ 3 ಟನ್, ಅದರ ಆಯಸ್ಸಿಗೆ 70 ಟನ್ ದಾಟುತ್ತದೆ. ಹುರುಳಿ, ಬೂಸಾ, ಲಾಳ, ಜಂತಿನ ಔಷಧಿ ಇವು ಬೇರೆ. ಮದುವೆಗೆ ಬಾಡಿಗೆ ಎಷ್ಟು, ವರ್ಷಕ್ಕೆ ಎಷ್ಟು ಮದುವೆ ಅನ್ನುವುದನ್ನು ನೀವೇ ಒಂದು ಚೀಟಿಯಲ್ಲಿ ಬರೆದು ಪಕ್ಕಕ್ಕಿಟ್ಟು ನೋಡಿ. ಬೆಳೆದ ಕುದುರೆಯನ್ನೇ ಸಾಕಲು ಕಷ್ಟವಾಗಿ ಬಿಡುವವನು, ಮೂರು ವರ್ಷದ ತನಕ ಒಂದು ರೂಪಾಯಿ ದುಡಿಯದ ಮರಿಯನ್ನು ಏನು ಮಾಡಿಯಾನು?

ಮೇಯಿಸಿಕೊಂಡರಾಯಿತು ಅನ್ನುವ ಕಾಲವೂ ಹೋಯಿತು. ನಮ್ಮದು ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆಯ ಸೀಮೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದಾಗ ನಾವೇನೂ ಹೊರಗಿರಲಿಲ್ಲ. ಹೈದರ್, ಟಿಪ್ಪು ಕಾಲದಿಂದ ದಂಡಿನ ಎತ್ತು ಸಾಕಲು ಕಾದಿಟ್ಟಿದ್ದ ಅಮೃತಮಹಲ್ ಕಾವಲುಗಳು ಈ ಜಿಲ್ಲೆಯಲ್ಲಿದ್ದವು. ಚಳ್ಳಕೆರೆ ತಾಲ್ಲೂಕಿನಲ್ಲಿ ಅವುಗಳ ಸಾವಿರಾರು ಎಕರೆ ವಿಜ್ಞಾನ ಸಂಸ್ಥೆಗಳಿಗೆ, ರಕ್ಷಣಾ ಸಂಶೋಧನೆಗೆ ಹೋಯಿತು. ಅದು ಸರಿಯೋ ತಪ್ಪೋ ಎಂಬ ಜಗಳ ಇನ್ನೊಂದು ದಿನ ಆಡೋಣ. ಕುರಿಗೇ ಹುಲ್ಲಿಲ್ಲದ ಕಡೆ ಕುದುರೆಗೆ ಎಲ್ಲಿಂದ ತರುತ್ತೀರಿ? ದನಕ್ಕೆ ಹಾಕಿದ್ದನ್ನೇ ಹಾಕಿದರಾಯಿತು ಅನ್ನುವವರಿಗೆ ಒಂದು ಮಾತು. ಕುದುರೆ ಮೆಲುಕು ಹಾಕುವ ಪ್ರಾಣಿಯಲ್ಲ, ತಿಂದದ್ದನ್ನು ವಾಂತಿ ಮಾಡಿ ಹೊರಹಾಕಲೂ ಅದಕ್ಕೆ ಆಗುವುದಿಲ್ಲ. ಬೂಸ್ಟು ಹಿಡಿದ ಶೇಂಗಾ ಹೊಟ್ಟು ತಿಂದರೆ ಹೊಟ್ಟೆಶೂಲೆ ಬಂದು ನೆಲಕ್ಕೆ ಬಿದ್ದು ಹೊರಳುತ್ತದೆ. ಕೆಲವು ಕೋಳಿ ಫೀಡಿನಲ್ಲಿ ಮೊನೆನ್ಸಿನ್ ಎಂಬ ಔಷಧಿ ಬೆರೆಸಿರುತ್ತಾರೆ. ಕೋಳಿಗೆ ಏನೂ ಆಗದ ಅದು ಕುದುರೆಯ ಹೃದಯವನ್ನೇ ನಿಲ್ಲಿಸುತ್ತದೆ. ಫಾರಂನಿಂದ ಉಳಿದ ಫೀಡು ಪುಕ್ಕಟೆ ಸಿಕ್ಕಿತೆಂದು ಹಾಕಬೇಡಿ.

‘ನಾವು ಬಡವರು, ನಾಲ್ಕು ಕುದುರೆ ಕಟ್ಟಿದವರು, ನಮಗೇ ಹೇಳ್ತೀರಲ್ಲ, ದೊಡ್ಡವರಿಗೆ ಹೇಳಿ’ ಎಂದು ನಿಮ್ಮಲ್ಲಿ ಕೆಲವರು ಅನ್ನಬಹುದು. ನ್ಯಾಯವೇ. ದೊಡ್ಡವರ ವಿಷಯಕ್ಕೇ ಬರೋಣ. ಕುಣಿಗಲ್ಲಿನ ಕುದುರೆ ಫಾರಂ ಮೈಸೂರು ದಂಡಿಗೆ ಕುದುರೆ ಒದಗಿಸಲು ಟಿಪ್ಪು ಕಾಲದಲ್ಲಿ ಎದ್ದದ್ದು. ಆಮೇಲೆ ಮಹಾರಾಜರ ಕೈಗೆ, ಸರ್ಕಾರದ ಕೈಗೆ ಬಂತು. 1992ರಲ್ಲಿ 30 ವರ್ಷದ ಗುತ್ತಿಗೆಗೆ ವಿಜಯ್ ಮಲ್ಯರ ಕಂಪನಿಗೆ ಹೋಯಿತು. ಗುತ್ತಿಗೆ ಮುಗಿದ ಮೇಲೆ ಅಲ್ಲಿ ಟೌನ್‌ಷಿಪ್ ಕಟ್ಟುವ ಮಾತು ಬಂತು, ಕುಣಿಗಲ್ಲಿನ ಜನರಿಂದ ವಿರೋಧವೂ ಬಂತು. ಅಂಥ ಫಾರಂಗಳಲ್ಲಿ ರೇಸಿಗೆ ಹುಟ್ಟುವ ಥರೋಬ್ರೆಡ್ ಮರಿಗಳ ತಂದೆ ಯಾರು, ತಾಯಿ ಯಾರು ಎನ್ನುವುದು ಪುಣೆಯಲ್ಲಿರುವ ಸ್ಟಡ್ ಬುಕ್ಕಿನಲ್ಲಿ ದಾಖಲಾಗುತ್ತದೆ. ಕೃತಕ ಗರ್ಭಧಾರಣೆಗೆ ಅಲ್ಲಿ ಅವಕಾಶವಿಲ್ಲ, ಗಂಡು ಹೆಣ್ಣು ಕೂಡಿಯೇ ಆಗಬೇಕು. ನಮ್ಮ ಕೆರೆ ಅಂಗಳದ ಮರಿಗೆ ಇಂಥ ಒಂದು ಸಾಲಿನ ದಾಖಲೆಯೂ ಇಲ್ಲವೆಂಬುದು ನಿಜ.

ಆದರೆ ಆ ಪುಸ್ತಕದಲ್ಲಿ ಹುಟ್ಟು ಇದೆ, ಮುದಿತನ ಇಲ್ಲ. ರೇಸ್ ಕುದುರೆ ಎರಡು ವರ್ಷಕ್ಕೆ ಓಡಲು ಶುರು ಮಾಡಿ ಐದಾರು ವರ್ಷಕ್ಕೆ ಬಹುತೇಕ ಮುಗಿಸುತ್ತದೆ. ಮುಂದಿನ 20 ವರ್ಷ? ಪುಣ್ಯ ಮಾಡಿದ ಕೆಲವು ಪೊಲೀಸರ ಅಶ್ವದಳಕ್ಕೆ, ಸವಾರಿ ಕಲಿಸುವ ಶಾಲೆಗೆ ಹೋಗುತ್ತವೆ. ಚೆನ್ನಾಗಿ ಓಡಿದ ಹೆಣ್ಣು ಮರಿ ಹಾಕಲು ಫಾರಂಗೆ ವಾಪಸಾಗುತ್ತದೆ. ಉಳಿದವು ಕೈಯಿಂದ ಕೈಗೆ ಇಳಿಯುತ್ತ ಹೋಗುತ್ತವೆ. ಒಂದೊಂದು ಕೈ ಬದಲಾದಾಗಲೂ ಬೆಲೆ ಇಳಿಯುತ್ತದೆ, ಜೊತೆಗೆ ಮೇವೂ ಇಳಿಯುತ್ತದೆ. ಕೊನೆಗೆ ನಮ್ಮ ಹುಡುಗನೊಬ್ಬ ‘ರೇಸ್ ಕುದುರೆ, ಸಸ್ತಾಕ್ಕೆ ಸಿಕ್ತು’ ಎಂದು ಮೀಸೆ ತಿರುವುತ್ತ ಹೊಡೆದುಕೊಂಡು ಬರುತ್ತಾನೆ. ಮುಂಗಾಲಿನ ನರ ಹಿಡಿದ ಕುದುರೆ ಅದು ಎಂದು ತಿಂಗಳಲ್ಲಿ ಗೊತ್ತಾಗುತ್ತದೆ. ಆಗ ಹೊಳೆಯುವ ಉಪಾಯವೇ ನನಗೆ ಭಯ ಹುಟ್ಟಿಸುವುದು: ‘ಓಡಕ್ಕಾಗಲ್ಲ, ಮರಿಯಾದ್ರೂ ಹಾಕ್ಲಿ.’ ಕೆಲಸಕ್ಕೆ ಬಾರದ ಹೆಣ್ಣಿನಿಂದ ಕೆಲಸಕ್ಕೆ ಬಾರದ ಮರಿ ತೆಗೆಯುವುದು ಸಾಕಣೆಯಲ್ಲ. ಹೆಚ್ಚು ಕುದುರೆ ಹುಟ್ಟಿಸುವ ದೊಡ್ಡವರಿಗೆ, ಹುಟ್ಟಿದ ಪ್ರತಿ ಕುದುರೆಯ ಮುಪ್ಪಿಗೂ ಇಷ್ಟು ದುಡ್ಡು ತೆಗೆದಿಡಿ ಎಂದು ಸರ್ಕಾರ ಕಟ್ಟುನಿಟ್ಟು ಮಾಡಬೇಕು ಅನ್ನುವವನು ನಾನು. ಅಲ್ಲಿಯತನಕ ಅವರು ಉದುರಿಸಿದ್ದನ್ನು ನಾವು ಹೆಕ್ಕಿಕೊಂಡು ಇನ್ನಷ್ಟು ಮಾಡುವ ಕರ್ಮ ನಮಗೆ ಬೇಡ.

ಕುದುರೆಯ ವಿಷಯದಲ್ಲಿ ನಮ್ಮ ನಾಡಿಗೆ ಹಳೆಯ ಹುಚ್ಚೂ ಇದೆ, ಹಳೆಯ ಅಜ್ಞಾನವೂ ಇದೆ. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟ ಒಂದು ಸಂಗತಿ ನನಗೆ ಎಂದೂ ಮರೆಯದು. ಸಾಳುವ ನರಸಿಂಹ ಹಾರ್ಮುಜ್, ಏಡನ್ ಕಡೆಯಿಂದ ಹಡಗಿನಲ್ಲಿ ಬರುವ ಕುದುರೆಗಳನ್ನು ಬದುಕಿದ್ದರೂ ಸತ್ತಿದ್ದರೂ ಕೊಳ್ಳುತ್ತಿದ್ದನಂತೆ. ದಾರಿಯಲ್ಲಿ ಸಮುದ್ರದ ಮೇಲೆ ಸತ್ತ ಕುದುರೆಯ ಬಾಲವೊಂದನ್ನು ತಂದು ತೋರಿಸಿದರೂ ಪೂರ್ತಿ ಬೆಲೆ ಸಿಗುತ್ತಿತ್ತು. ನೂನಿಜ್ ಕಾಲಕ್ಕೆ ಅರಸರು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದರಂತೆ. ಅದಕ್ಕೂ ಎರಡು ಶತಮಾನ ಮೊದಲೇ ಮಾರ್ಕೊ ಪೋಲೊ, ದಕ್ಷಿಣದವರಿಗೆ ಕುದುರೆ ಸಾಕುವ ಕ್ರಮವೇ ಗೊತ್ತಿಲ್ಲ, ಅದಕ್ಕೇ ಇಷ್ಟೊಂದು ಸಾಯುತ್ತವೆ ಎಂದು ಬರೆದು ಹೋಗಿದ್ದ. ಕೊಳ್ಳುವುದಕ್ಕೆ ಧಾರಾಳ, ನೋಡಿಕೊಳ್ಳುವುದಕ್ಕೆ ಕೈ ಬಿಗಿ. ಅರಸರು ಹೋದರು, ಚಾಳಿ ಉಳಿಯಿತು.

ಈಗಿನ ಹುಚ್ಚು ಬಿಳಿ ಬಣ್ಣದ್ದು. ಸಿನಿಮಾದಲ್ಲಿ ಮದುಮಗ ಬಿಳಿ ಕುದುರೆ ಮೇಲೆ ಬರುತ್ತಾನೆ, ಆದ್ದರಿಂದ ನಮ್ಮ ಹೊಸದುರ್ಗದ ಮದುಮಗನಿಗೂ ಬಿಳಿಯದೇ ಬೇಕು. ಕುದುರೆ ಏರುವುದಕ್ಕೆ ನನ್ನ ತಕರಾರಿಲ್ಲ. ದೇಶದ ಕೆಲವು ಕಡೆ ದಲಿತರ ಮನೆಯ ಹುಡುಗ ಕುದುರೆ ಏರಿದ ಎಂದು ಕಲ್ಲು ಹೊಡೆದವರಿದ್ದಾರೆ. ಅಂಥಲ್ಲಿ ಕುದುರೆ ಏರುವುದು ಮಾನದ ಪ್ರಶ್ನೆ, ಹಕ್ಕಿನ ಪ್ರಶ್ನೆ. ಏರಿ. ಆದರೆ ಬಣ್ಣ ನೋಡಿ ಏರಬೇಡಿ, ಬಣ್ಣ ನೋಡಿ ಗಂಡು ಬಿಡಿಸಬೇಡಿ. ನಾವು ಬಿಳಿ ಎಂದು ಕೊಳ್ಳುವ ಬಹಳಷ್ಟು ಕುದುರೆಗಳು ಕಪ್ಪಗೋ ಕಂದಾಗಿಯೋ ಹುಟ್ಟಿ ಆರೆಂಟು ವರ್ಷಕ್ಕೆ ಬೆಳ್ಳಗಾದ ಬೂದು ಕುದುರೆಗಳು. ಬೆಳ್ಳಗಾಗದ ಮರಿಗೆ ಅಲ್ಲಿಯತನಕ ಗಿರಾಕಿ ಇಲ್ಲ. ಬೆಳ್ಳಗಾದ ಮೇಲೆ, ವಯಸ್ಸು ಹದಿನೈದು ದಾಟಿದವುಗಳಲ್ಲಿ ಮುಕ್ಕಾಲು ಪಾಲಿನವಕ್ಕೆ ಬಾಲದಡಿಯಲ್ಲಿ, ಗುದದ ಸುತ್ತ ಕಪ್ಪು ಗಂಟುಗಳು ಏಳುತ್ತವೆ, ಅದು ಒಂದು ಬಗೆಯ ಕ್ಯಾನ್ಸರ್. ಹುಟ್ಟುತ್ತಲೇ ಬೆಳ್ಳಗಿದ್ದು ಮೈಯೆಲ್ಲ ಗುಲಾಬಿ ಚರ್ಮದ ನುಕ್ರಾ ಕುದುರೆಗೆ ನಮ್ಮ ಬಿಸಿಲು ತಡೆಯುವುದಿಲ್ಲ, ಮೂತಿ ಸುಡುತ್ತದೆ, ಕಣ್ಣಿನ ಸುತ್ತ ಹುಣ್ಣಾಗುತ್ತದೆ. ಹಿರಿಯೂರಿನ ಏಪ್ರಿಲ್ ಬಿಸಿಲಿನಲ್ಲಿ ಡಾಂಬರು ರಸ್ತೆಯ ಮೇಲೆ ಡಿಜೆ ಸದ್ದಿನ ನಡುವೆ ಅದನ್ನು ನಿಲ್ಲಿಸುವವರು ಒಂದು ಗಳಿಗೆ ತಾವೂ ಬರಿಗಾಲಲ್ಲಿ ನಿಂತು ನೋಡಬೇಕು.

ಬಣ್ಣ ಆದಮೇಲೆ ಸುಳಿ. ಹಣೆಯಲ್ಲಿ ಇಂಥ ಸುಳಿ ಇದ್ದರೆ ಮನೆಗೆ ಆಗದು, ಎದೆಯಲ್ಲಿ ಇದ್ದರೆ ಯಜಮಾನನಿಗೆ ಆಗದು ಎಂಬ ಶಾಸ್ತ್ರವನ್ನು ನಿಮ್ಮಷ್ಟು ನಾನು ಬಲ್ಲೆನೆಂದು ಹೇಳಲಾರೆ, ಆದರೆ ಅದರ ಫಲವನ್ನು ಬಲ್ಲೆ. ಗಟ್ಟಿಮುಟ್ಟಾದ ಮರಿಯನ್ನು ಸುಳಿ ಸರಿಯಿಲ್ಲವೆಂದು ಯಾರೂ ಮುಟ್ಟುವುದಿಲ್ಲ. ಅದರ ತಾಯಿಗೆ ಮತ್ತೆ ಗಂಡು ಬಿಡಿಸುತ್ತೀರಿ, ಸುಳಿ ಸರಿಯಿರುವ ಇನ್ನೊಂದು ಹುಟ್ಟಲಿ ಎಂದು. ಹಳೆಯದು ಬೀದಿಗೆ. ಸುಳಿ ಕೂದಲು ತಿರುಗಿದ ದಿಕ್ಕು ಅಷ್ಟೇ. ನೋಡಬೇಕಾದ್ದು ಗೊರಸು, ಮೊಣಕಾಲು, ಹಲ್ಲು, ಉಸಿರು. ಮನೆಗೆ ಆಗದ್ದು ಸುಳಿಯಿಂದಲ್ಲ, ಸಾಲದಿಂದ.

ಇನ್ನು ಬೀಜ ತೆಗೆಸುವ ವಿಚಾರ. ಇದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು, ಏಕೆಂದರೆ ಇಲ್ಲೇ ನಿಮ್ಮ ಮನಸ್ಸು ಅಡ್ಡ ನಿಲ್ಲುವುದು. ಉಳುವ ಎತ್ತಿಗೆ ಬೀಜ ಒಡೆಸುವುದಕ್ಕೆ ಯಾವ ರೈತನೂ ಹಿಂದೆಮುಂದೆ ನೋಡಿಲ್ಲ. ಒಡೆಸದಿದ್ದರೆ ನೊಗಕ್ಕೆ ಬರುವುದಿಲ್ಲ ಎಂದು ನಮ್ಮ ಅಜ್ಜಂದಿರಿಗೂ ಗೊತ್ತಿತ್ತು. ಕುದುರೆ ಅಂದ ಕೂಡಲೇ ಮಾತ್ರ ಗಂಡಸುತನದ ಪ್ರಶ್ನೆ ಬಂದುಬಿಡುತ್ತದೆ, ಕುದುರೆಯದೋ ಯಜಮಾನನದೋ ತಿಳಿಯದು. ಸೀಮೆಗೆ ಬೇಕಾದ ಗಂಡು ಕುದುರೆ ಬೆರಳೆಣಿಕೆಯಷ್ಟು. ಒಂದು ಗಂಡು ಒಂದು ಋತುವಿನಲ್ಲಿ ಹತ್ತಾರು ಹೆಣ್ಣಿಗೆ ಸಾಕು. ಉಳಿದ ಗಂಡು ಮರಿಗಳಿಗೆಲ್ಲ ಒಂದರಿಂದ ಎರಡು ವರ್ಷದೊಳಗೆ ಬೀಜ ತೆಗೆಸಿ. ಆಗ ಅದು ಹೆಣ್ಣಿನ ವಾಸನೆಗೆ ಕಟ್ಟು ಹರಿದುಕೊಂಡು ಓಡುವುದಿಲ್ಲ, ಮಕ್ಕಳ ನಡುವೆ, ಪಟಾಕಿಯ ನಡುವೆ ಸಮಾಧಾನವಾಗಿ ನಿಲ್ಲುತ್ತದೆ. ಮೆರವಣಿಗೆಗೆ ಬೇಕಾದ್ದು ಅಂಥದ್ದೇ ಅಲ್ಲವೇ? ಸೈನ್ಯದವರೂ ಪೊಲೀಸರೂ ಅಂಥವನ್ನು ಇಷ್ಟಪಡುವುದು ಇದೇ ಕಾರಣಕ್ಕೆ.

ಆದರೆ ಎತ್ತಿಗೆ ಒತ್ತುವ ಬರ್ಡಿಜೋ ಚಿಮಟ ಕುದುರೆಗೆ ನಡೆಯುವುದಿಲ್ಲ, ಊರಿನ ಕೈಚಳಕದವರನ್ನು ಕರೆಯಬೇಡಿ. ಇದು ಮಂಪರು ಕೊಟ್ಟು ಕತ್ತರಿಸಿ ಮಾಡುವ ಶಸ್ತ್ರಚಿಕಿತ್ಸೆ, ಪಶುವೈದ್ಯರೇ ಮಾಡಬೇಕು. ಧನುರ್ವಾಯುವಿಗೆ ಕುದುರೆಯಷ್ಟು ಬೇಗ ಬಲಿಯಾಗುವ ಸಾಕುಪ್ರಾಣಿ ಇನ್ನೊಂದಿಲ್ಲ, ಆ ಚುಚ್ಚುಮದ್ದು ತಪ್ಪಿಸಬೇಡಿ. ಬೀಜ ತೆಗೆದ ಮೇಲೂ ಕೆಲವು ವಾರ ಗಬ್ಬ ಕಟ್ಟಿಸುವ ಶಕ್ತಿ ಉಳಿದಿರುತ್ತದೆ, ಒಂದೆರಡು ತಿಂಗಳು ಹೆಣ್ಣಿನಿಂದ ದೂರ ಕಟ್ಟಿ. ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ದನದ ಕೈ ಪಳಗಿದಷ್ಟು ಕುದುರೆಯ ಕೈ ಪಳಗಿರಲಿಕ್ಕಿಲ್ಲ, ಅವರು ಕುದುರೆ ನೋಡುವುದೇ ಅಪರೂಪ. ಹಾಗಿದ್ದರೆ ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಒಬ್ಬೊಬ್ಬರೇ ಹೋದರೆ ಗಾಡಿ ಬಾಡಿಗೆಯೇ ಜಾಸ್ತಿ. ನಾಲ್ಕು ತಾಲ್ಲೂಕಿನವರು ಒಟ್ಟಾಗಿ ಪಶುಸಂಗೋಪನಾ ಇಲಾಖೆಯ ಉಪನಿರ್ದೇಶಕರಿಗೆ ಒಂದು ಅರ್ಜಿ ಕೊಟ್ಟು, ಚಿತ್ರದುರ್ಗದಲ್ಲೇ ವರ್ಷಕ್ಕೊಂದು ಕುದುರೆ ಶಿಬಿರ ಮಾಡಿಸಿ ಎಂದು ಕೇಳಿ. ಅದೇ ದಿನ ಗ್ಲಾಂಡರ್ಸ್ ರೋಗಕ್ಕೆ ರಕ್ತ ಪರೀಕ್ಷೆಯೂ ಆಗಲಿ. ಕುದುರೆಯಿಂದ ಮನುಷ್ಯನಿಗೂ ಬರುವ, ಲಸಿಕೆ ಇಲ್ಲದ ಕಾಯಿಲೆ ಅದು. ಇದೆ ಎಂದು ಖಚಿತವಾದರೆ ಕಾನೂನಿನ ಪ್ರಕಾರ ಆ ಕುದುರೆಯನ್ನು ಕೊಲ್ಲಲೇಬೇಕು. ಎಲ್ಲಿಂದ ಬಂತೆಂದು ಗೊತ್ತಿಲ್ಲದ ಸಸ್ತಾ ಕುದುರೆಯ ಜೊತೆಗೆ ಅದೂ ಬಂದೀತು.

ಕಾನೂನು ಅಂದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ, ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಬಿಡುವುದು ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಒಂದು ಪ್ಲೇಟು ಮಸಾಲೆ ದೋಸೆಗೂ ಸಾಲದ ಈ ದಂಡಕ್ಕೆ ಹೆದರಿ ನೀವು ಸರಿಯಾಗುತ್ತೀರೆಂದು ನನಗೆ ಭ್ರಮೆ ಇಲ್ಲ. ಗೋಶಾಲೆಗಳು ದನಕ್ಕೆ, ಕುದುರೆಗೆ ಅಲ್ಲ. ಬೆಂಗಳೂರಿನಲ್ಲಿ, ನೀಲಗಿರಿಯಲ್ಲಿ ಬಿಟ್ಟ ಕುದುರೆಗಳನ್ನು ನೋಡಿಕೊಳ್ಳುವ ಪುಣ್ಯಾತ್ಮರ ಸಂಸ್ಥೆಗಳಿವೆ, ಆದರೆ ನಾವು ಹುಟ್ಟಿಸಿದ್ದನ್ನೆಲ್ಲ ಅವರ ಬಾಗಿಲಿಗೆ ಹೊಡೆದುಕೊಂಡು ಹೋಗುವುದು ಯಾವ ನ್ಯಾಯ?

ದೇಶದಲ್ಲಿ ಕುದುರೆ ಕಡಿಮೆಯಾಗುತ್ತಿವೆಯಲ್ಲ ಎಂದು ಓದಿದವರು ಕೇಳಬಹುದು. ಹೌದು, 2012ರ ಜಾನುವಾರು ಗಣತಿಯಲ್ಲಿ ಸುಮಾರು 6.25 ಲಕ್ಷ ಇದ್ದದ್ದು 2019ರಲ್ಲಿ 3.42 ಲಕ್ಷಕ್ಕೆ ಇಳಿಯಿತು. ಅದು ಜಾಣತನದಿಂದ ಇಳಿದದ್ದಲ್ಲ, ಕೆಲಸ ಹೋದದ್ದರಿಂದ ಇಳಿದದ್ದು. ಜಟಕಾ ಹೋಗಿ ಆಟೋ ಬಂತು. ಮುಂಬಯಿಯ ವಿಕ್ಟೋರಿಯಾ ಗಾಡಿಗಳಿಗೆ 2015ರಲ್ಲಿ ಅಲ್ಲಿನ ಹೈಕೋರ್ಟೇ ಕೊನೆ ಹಾಡಿತು. ಕೆಲಸ ಕುದುರೆಗಿಂತ ಬೇಗ ಕರಗುತ್ತಿರುವಾಗ ಇರುವ ಕುದುರೆಯೇ ಹೆಚ್ಚು. ಶ್ರೀಮಂತ ದೇಶಗಳೂ ಇದರಲ್ಲಿ ಎಡವಿವೆ. ಐರ್ಲೆಂಡಿನಲ್ಲಿ ದುಡ್ಡಿದ್ದ ಕಾಲದಲ್ಲಿ ಮರಿಯ ಮೇಲೆ ಮರಿ ಹುಟ್ಟಿಸಿ, 2008ರ ಆರ್ಥಿಕ ಕುಸಿತದ ಮೇಲೆ ಬಯಲಿಗೆ ಬಿಟ್ಟರು. ಅಮೆರಿಕದಲ್ಲಿ 2007ರ ಹೊತ್ತಿಗೆ ಕುದುರೆ ಕಸಾಯಿಖಾನೆಗಳು ಮುಚ್ಚಿದವು, ಹುಟ್ಟಿಸುವುದು ಮುಚ್ಚಲಿಲ್ಲ. ಬೇಡವಾದವು ಲಾರಿಗಳಲ್ಲಿ ಮೆಕ್ಸಿಕೋ, ಕೆನಡಾಕ್ಕೆ ಹೋದವು.

ಕುದುರೆ ಬೇಕೇ ಬೇಕು ಅನ್ನುವ ಹುಡುಗರಿಗೆ ದಾರಿ ಇಲ್ಲವೆಂದಲ್ಲ. ಊರೂರು ತಿರುಗುವ ಕುರಿಗಾಹಿಗಳ ಹಿಂಡಿನ ಹಿಂದೆ ಹಟ್ಟಿಯ ಸಾಮಾನು ಹೊತ್ತು ಬರುವ ತಟ್ಟುಗಳನ್ನು ನೋಡಿದ್ದೀರಲ್ಲ? ಗಿಡ್ಡ, ಗಟ್ಟಿ ಗೊರಸು, ಒಣ ಹುಲ್ಲಿನಲ್ಲೇ ಮೈ ಹಿಡಿದುಕೊಳ್ಳುತ್ತವೆ. ಹೊರೆ ಎಷ್ಟೋ ತಟ್ಟೂ ಅಷ್ಟೇ, ಅದಕ್ಕಿಂತ ಹೆಚ್ಚು ಕಟ್ಟಿಕೊಳ್ಳುವುದಿಲ್ಲ. ಭೀಮಾ ನದಿ ಸೀಮೆಯ ಇಂಥ ತಟ್ಟುಗಳಿಗೆ ಭೀಮಥಡಿ ಎಂಬ ಹೆಸರಿನಲ್ಲಿ ತಳಿಯ ಮಾನ್ಯತೆಯೂ ಸಿಕ್ಕಿದೆ. ಮರುಭೂಮಿಯಿಂದ ಸಾವಿರ ಮೈಲಿ ಲಾರಿಯಲ್ಲಿ ತಂದ ಬಿಳಿ ಕುದುರೆಗಿಂತ ಇದು ನಮ್ಮ ಬಯಲಿಗೆ ಒಗ್ಗುವ ಪ್ರಾಣಿ. ಎತ್ತರ ಕಮ್ಮಿ, ಫೋಟೋದಲ್ಲಿ ಠೀವಿ ಕಮ್ಮಿ ಅನ್ನುತ್ತೀರಿ. ಫೋಟೋಗ್ರಾಫರ್ ಕೂತು ತೆಗೆಯಲಿ ಬಿಡಿ.

ಕೊನೆಯದಾಗಿ, ಹೇಳಲು ಕಷ್ಟವಾದ ಮಾತು. ಕಾಲು ಮುರಿದ, ಹಲ್ಲು ಸವೆದು ಮೇವು ಅಗಿಯಲಾರದ, ಇನ್ನು ಚೇತರಿಸಿಕೊಳ್ಳದ ಕುದುರೆಯನ್ನು ‘ಕೊಲ್ಲುವುದು ಪಾಪ, ದೇವರು ನೋಡಿಕೊಳ್ತಾನೆ’ ಎಂದು ಹೆದ್ದಾರಿ ಬದಿಗೆ ಬಿಡುವವರಿದ್ದಾರೆ. ನಾಯಿ ಎಳೆಯುತ್ತವೆ, ಕಾಗೆ ಕುಕ್ಕುತ್ತವೆ, ಎರಡು ದಿನ ಉಸಿರು ಇರುತ್ತದೆ. ವೈದ್ಯರನ್ನು ಕರೆಸಿ, ನೋವಿಲ್ಲದ ಇಂಜೆಕ್ಷನ್ ಕೊಡಿಸಿ, ನಿಮ್ಮ ಹೊಲದ ಬದುವಿನಲ್ಲಿ ಆಳವಾಗಿ ಗುಂಡಿ ತೆಗೆದು ಮಣ್ಣು ಮಾಡಿ. ಅದರಲ್ಲಿ ಪಾಪವಿದ್ದರೆ ಬಿಟ್ಟುಬಂದದ್ದರಲ್ಲಿ ಇರುವುದಕ್ಕಿಂತ ಕಡಿಮೆಯೇ.

ಈ ಆಷಾಢ ಶುರುವಾಗುವ ಮೊದಲು ನೀವೆಲ್ಲ ಒಂದು ದಿನ ಚಿತ್ರದುರ್ಗದಲ್ಲಿ ಕೂತು ಮಾತಾಡಿ. ಯಾರ ಬಳಿ ಎಷ್ಟು ಹೆಣ್ಣು, ಎಷ್ಟು ಗಂಡು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಗಂಡು ಹೆಣ್ಣನ್ನು ಬೇರೆ ಬೇರೆ ಕಟ್ಟುವುದಕ್ಕೆ ಒಪ್ಪಿಕೊಳ್ಳಿ. ಕೊಂಡವನಿಗೆ ಸಾಕಲಾಗದಿದ್ದರೆ ಮಾರಿದವನೇ ವಾಪಸು ತೆಗೆದುಕೊಳ್ಳಬೇಕು ಎಂಬ ಮಾತು ಮಾಡಿಕೊಳ್ಳಿ. ಮರಿಗೆ ಗಿರಾಕಿ ಗೊತ್ತಾಗದೆ, ಮೇವಿಗೆ ಹೊಲ ಗೊತ್ತಾಗದೆ ಯಾರೂ ಗಂಡು ಬಿಡಿಸುವ ಹಾಗಿಲ್ಲ ಎಂದು ನೀವೇ ಕಟ್ಟು ಹಾಕಿಕೊಳ್ಳಿ. ಸರ್ಕಾರ ಮಾಡುವ ಕಾನೂನಿಗಿಂತ ನೀವು ನೀವೇ ಮಾಡಿಕೊಂಡ ಕಟ್ಟಿಗೆ ನಮ್ಮ ಕಡೆ ಬೆಲೆ ಹೆಚ್ಚು. ಬರುವವರ ಮಧ್ಯಾಹ್ನದ ಊಟದ ಖರ್ಚು ನನ್ನದು. ಈ ಆಷಾಢದಲ್ಲಿ ಗಬ್ಬವಾದ ಕುದುರೆ ಮುಂದಿನ ಜ್ಯೇಷ್ಠಕ್ಕೆ ಮರಿ ಹಾಕುತ್ತದೆ. ಇನ್ನು ತಡ ಮಾಡಬೇಡಿ.

ಇಂತಿ ನಿಮ್ಮವನೇ ಆದ,
ಹಿರೇಗುಂಟನೂರಿನ ಒಬ್ಬ ರೈತ